ಗುತ್ತಿಗೆಯ ಕುತ್ತಿಗೆ

ಇದು ನಡೆದದ್ದು ನಡೆದ ಹಾಗೆಯೇ. ಸುಳ್ಳು ಬೇಕಾದವರು ಎಣ್ಣೆ ಕಂಪನಿಯ ಕಾಗದಪತ್ರ ಓದಿಕೊಳ್ಳಬಹುದು.

ಪಶ್ಚಿಮ ಟೆಕ್ಸಸ್‌ನ ಆರ್ಫಾ ಟೀಗ್‌ಳ ಅಜ್ಜ ತನ್ನ ಆರುನೂರ ನಲವತ್ತು ಎಕರೆಯ ಅಡಿಯಲ್ಲಿದ್ದುದನ್ನೆಲ್ಲ ಎಣ್ಣೆ ಕಂಪನಿಗೆ ಗುತ್ತಿಗೆ ಕೊಟ್ಟಿದ್ದ: 'ಮೂರು ವರ್ಷ, ಆಮೇಲೆ ಎಣ್ಣೆ ಬರುತ್ತಿರುವಷ್ಟು ಕಾಲ.' ಅಜ್ಜ 'ಮೂರು ವರ್ಷ' ಓದಿದ. ಕಂಪನಿ 'ಆಮೇಲೆ' ಓದಿತು. ಆ 'ಆಮೇಲೆ'ಗೆ ಈಗ ಎಪ್ಪತ್ತು ವರ್ಷ. ಇದ್ದ ಒಂದೇ ಎಣ್ಣೆಬಾವಿ ಆಳಿನ ಕೂಲಿ ಗಿಟ್ಟುವಷ್ಟು ಉಗುಳಿದರೂ ಸಾಕು, ಗುತ್ತಿಗೆಗೆ ಜೀವ, ಆರ್ಫಾಳ ಕುತ್ತಿಗೆಗೆ ಉರುಳು.

ಬಾವಿಯ ಪಂಪು ನಿಂತರೆ ಮಾತ್ರ, ಕರಾರಿನ ಪ್ರಕಾರ, ಅರವತ್ತು ದಿನದೊಳಗೆ ಕಂಪನಿ ಅದನ್ನು ಮತ್ತೆ ಓಡಿಸಬೇಕು. ಇಲ್ಲವಾದರೆ ಎಲ್ಲವೂ ಆರ್ಫಾಳಿಗೆ ವಾಪಸ್. ಪ್ರತಿ ಸಲವೂ ಐವತ್ತೊಂಬತ್ತನೆಯ ದಿನ ಪಂಪು ನೋಡಿಕೊಳ್ಳುವ ಡಾಯ್ಲ್ ಬಂದು, ಹೊಸ ಬೆಲ್ಟ್ ತೊಡಿಸಿ, ಅವಳ ಆಸೆಗೆ ಮಣ್ಣೆರಚಿ ಹೋಗುತ್ತಿದ್ದ.

ಈ ಸಲ ಪಂಪು ನಿಂತ ಐವತ್ತೆಂಟನೆಯ ದಿನ ಬೆಳಿಗ್ಗೆ ಅವಳ ಚಿಕ್ಕಪ್ಪನ ಮಗ ರಾಯ್ಸ್ ತಮಾಷೆಗೆಂದು ಎಣ್ಣೆ ಟ್ಯಾಂಕಿನ ಹಿಂದೆ ಅವಿತು ಕೂತ. ಪಾದ್ರಿ, ವಕೀಲ, ತೋಳ, ಯಾರ ದನಿಯನ್ನೂ ಅಣಕಿಸದೆ ಬಿಡದವನು ಅವತ್ತು ಪಂಪಿನ ದನಿ ಹಿಡಿದ: "ಕಿರ್‍ರ್... ಗೊಯ್... ದಡ್."

ಆರ್ಫಾ ತಿನ್ನುತ್ತಿದ್ದ ಬಿಸ್ಕತ್ತು ಬಿಟ್ಟು ಫೋನೆತ್ತಿದಳು. "ಏನ್ರೀ ಡಾಯ್ಲ್, ಕಳ್ಳನ ಥರ ಬಂದು ಪಂಪ್ ಹಚ್ಚಿ ಹೋಗಿದೀರಲ್ಲ?"

"ನಾನಾ? ಓಡ್ತಿದೆಯಾ ಮೇಡಂ?"

"ನಿಮ್ಮಜ್ಜಿ ಗೊರಕೆ ಹೊಡೆದ ಹಾಗೆ ಓಡ್ತಿದೆ. ಕೇಳ್ಕೊಳ್ಳಿ." ಫೋನನ್ನು ಕಿಟಕಿಯಾಚೆ ಚಾಚಿದಳು. ರಾಯ್ಸ್ ಉತ್ಸಾಹದಿಂದ ಇನ್ನೆರಡು 'ಗೊಯ್' ಸೇರಿಸಿದ.

"ಹೌದು, ನಮ್ದೇ," ಅಂದ ಡಾಯ್ಲ್. "ಆಫೀಸಿನವರು ಬೇರೆ ಯಾರನ್ನೋ ಕಳಿಸಿರ್ಬೇಕು. ನನಗೆ ಯಾರು ಹೇಳ್ತಾರೆ? ಒಳ್ಳೇದಾಯ್ತು, ಮೀನು ಹಿಡಿಯೋಕೆ ಹೋಗ್ತೀನಿ."

ಆರ್ಫಾ ದಿನ ಎಣಿಸುತ್ತಿದ್ದ ಕ್ಯಾಲೆಂಡರನ್ನೇ ಹರಿದೆಸೆದು, ಪಂಪಿನ ಸದ್ದು ಇನ್ನು ಕಿವಿಗೆ ಬೀಳದಂತೆ ಕಿಟಕಿ ಮುಚ್ಚಿಕೊಂಡು ಅತ್ತಳು. ಅದನ್ನು ಕಂಡ ರಾಯ್ಸ್‌ಗೆ ಎದುರು ಬರುವ ಧೈರ್ಯವಾಗಲಿಲ್ಲ. ಮೂರು ದಿನ ತಲೆ ತಪ್ಪಿಸಿಕೊಂಡು, ಆಮೇಲೆ ತಪ್ಪುಕಾಣಿಕೆಯಾಗಿ ಪೀಕನ್ ಬೀಜದ ಸಿಹಿ ಪೈ ಹಿಡಿದು ಬಂದ.

"ಅಕ್ಕಾ, ಬೈಬೇಡ. ಅವತ್ತು ಓಡಿದ್ದು ಪಂಪಲ್ಲ. ನಾನು."

ಆರ್ಫಾ ಪೈ ಕತ್ತರಿಸಲು ಎತ್ತಿದ ಚಾಕು ಕೈಯಲ್ಲೇ ಹಿಡಿದು ನಿಂತಳು. "ಇವತ್ತು ಎಷ್ಟನೇ ದಿನ?"

ರಾಯ್ಸ್ ಬೆರಳು ಮಡಚಿದ. "ಅರವತ್ತೊಂದು."

"ಡಾಯ್ಲ್ ಬಂದಿದ್ನಾ?"

"ಇನ್ನೂ ಮೀನು ಹಿಡೀತಿದಾನೆ." ಹೇಳಿದ ಮೇಲೆಯೇ ಅವನಿಗೆ ಹೊಳೆಯಿತು: ಗಡುವು ದಾಟಿತ್ತು, ಗುತ್ತಿಗೆ ಸತ್ತಿತ್ತು. ಗಂಟಲು ಸರಿಮಾಡಿಕೊಂಡು ಕಂಪನಿ ವಕೀಲನ ದನಿ ತೆಗೆದ: "ಮಹಾಸ್ವಾಮಿ, ಬಾವಿ ಚೆನ್ನಾಗೇ ಓಡ್ತಿತ್ತು. ಎಣ್ಣೆ ಬದಲು ರಾಯ್ಸ್ ಬರ್ತಿದ್ದ, ಅಷ್ಟೇ."

ಅವನೂ ನಕ್ಕ. ಆದರೆ ಮೇಜು ಹಿಡಿದು ಬಾಗಿ, ಉಸಿರು ಸಿಗದೆ ಆರ್ಫಾ ನಕ್ಕ ಅಬ್ಬರದಲ್ಲಿ ಅವನ ನಗು ಅವನಿಗೇ ಕೇಳಿಸಲಿಲ್ಲ.