ನಾಲ್ಕನೇ ಗುಡ್ಡೆ

ನಂಜುಂಡಸ್ವಾಮಿಗೆ ಅಳತೆಯ ಹುಚ್ಚು. ಅವನ ಹೊಟ್ಟೆಪಾಡೂ ಅದೇ. ಮಿಲ್ಪಿಟಾಸ್‌ನ ಒಂದು ಮೆಷಿನ್ ಶಾಪಿನಲ್ಲಿ, ಕಂಪ್ಯೂಟರ್ ಚಿಪ್ಪು ತಯಾರಿಸುವ ಯಂತ್ರಗಳ ಬಿಡಿಭಾಗಗಳನ್ನು ಮೈಕ್ರೋಮೀಟರು ಹಿಡಿದು ಪರೀಕ್ಷಿಸಿ, ಇಂಚಿನ ಸಾವಿರದಲ್ಲೊಂದು ಪಾಲು ಆಚೀಚೆ ಕಂಡರೂ ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸುವುದು ಅವನ ಕೆಲಸ. ಈ ದೇಶಕ್ಕೆ ಬರುವ ಮುಂಚೆ, ಮಂಡ್ಯದಲ್ಲಿದ್ದಾಗ, ಹೆಣ್ಣು ನೋಡಲು ಹೋದ ಮನೆಗಳಲ್ಲೂ ಅವನು ಮಾಡಿದ್ದು ಇದನ್ನೇ ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ಒಬ್ಬಳು ಗಿಡ್ಡ, ಒಬ್ಬಳಿಗೆ ಮಾತು ಜಾಸ್ತಿ, ಇನ್ನೊಬ್ಬಳ ಅಣ್ಣನ ಮೀಸೆ ಸರಿಯಿಲ್ಲ. ಅಳೆಯುತ್ತಾ ಅಳೆಯುತ್ತಾ ವಯಸ್ಸು ಜಾರಿಹೋಯಿತು. ಈಗ ನಲವತ್ತೊಂಬತ್ತು. ಬೆರ್ರಿಯೆಸಾದಲ್ಲಿ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟು. ಶನಿವಾರ ಭಾನುವಾರ ಬಾಯಿ ತೆರೆಯಬೇಕೆಂದರೆ ಗ್ರೋಸರಿ ಅಂಗಡಿಯ ಕ್ಯಾಷಿಯರೇ ಗತಿ.

ಅಂಥವನನ್ನು ತೊಂಬತ್ತೊಂಬತ್ತರ ಅಕ್ಟೋಬರಿನಲ್ಲಿ ಶರೀಫ್ ಶಿಕಾರಿಗೆ ಕರೆದ.

ಶರೀಫ್ ಅದೇ ಶಾಪಿನಲ್ಲಿ ಲೇಥ್ ನೋಡಿಕೊಳ್ಳುವವನು, ಮೈಸೂರಿನ ಕಡೆಯವನು. ಅವರಿಬ್ಬರ ಸ್ನೇಹ ಶುರುವಾದದ್ದೇ ಕೆಂಪು ಚೀಟಿಯಿಂದ. ಶರೀಫ್ ಮಾಡಿದ ನಲವತ್ತು ಉಂಗುರಗಳನ್ನು ನಂಜುಂಡಸ್ವಾಮಿ ಒಂದೇ ದಿನ ತಿರಸ್ಕರಿಸಿದ್ದ. ಜಗಳಕ್ಕೆಂದು ಬಂದ ಶರೀಫ್, ಅಂಗಿಯ ಮೇಲಿನ ಹೆಸರು ಓದಿ, ಅಚ್ಚ ಕನ್ನಡದಲ್ಲಿ ಬೈದ. ಬೈಗುಳವಾದರೇನು, ಕನ್ನಡವಲ್ಲವೇ. ಆವತ್ತಿನಿಂದ ಇಬ್ಬರಿಗೂ ಊಟದ ಬೆಂಚು ಒಂದೇ ಆಯಿತು.

"ಆಗಸ್ಟಲ್ಲಿ ಜಿಂಕೆ ಸೀಸನ್ನು, ಅಣ್ಣಾ," ಎಂದ ಶರೀಫ್, ಊಟ ಮಾಡುತ್ತಾ. "ಮೌಂಟ್ ಹ್ಯಾಮಿಲ್ಟನ್ ಹಿಂದುಗಡೆ ಒಬ್ಬ ಮುದುಕಂದು ಜಮೀನಿದೆ. ಅವನ ಬೋರ್‌ವೆಲ್ ಪಂಪು ರಿಪೇರಿ ಮಾಡ್ಕೊಡೋದು ನಾನೇ, ಅದಕ್ಕೆ ಒಳಗೆ ಬಿಡ್ತಾನೆ. ನಾನು, ನನ್ನ ತಮ್ಮ ಅಫ್ರೋಜು, ಸ್ಯಾನ್ ರಮೋನಿಂದ ಮಧುಕರ್ ಅಂತ ಒಬ್ರು ಹಾಸನದೋರು. ಮೂರು ದಿನ ಟೆಂಟು. ಮುಂದಿನ್ ಸಲ ನೀವೂ ಬನ್ನಿ."

"ಹೊಡೆದಿದ್ದನ್ನ ಏನ್ ಮಾಡ್ತೀರಿ?"

"ಗುಡ್ಡೆ ಹಾಕ್ತೀವಿ. ನಿಮ್ಮೂರಲ್ಲಿ ಹಾಕಲ್ವಾ, ಹಂಗೇ. ಹೊಡೆದವನಿಗೂ ಅಷ್ಟೇ, ಅಡುಗೆ ಮಾಡ್ದವನಿಗೂ ಅಷ್ಟೇ."

ಗುಡ್ಡೆ ಎಂಬ ಮಾತು ಕೇಳಿ ಎಷ್ಟು ವರ್ಷವಾಗಿತ್ತೋ. ಊರಿನಲ್ಲಿ ನಾಲ್ಕಾರು ಮನೆಯವರು ಸೇರಿ ಒಂದು ಕುರಿ ಕಡಿದು, ಎಲೆ ಹಾಸಿ, ಈಲಿ ಅಂದರೆ ಲಿವರು, ಮೂಳೆ, ಮೆತ್ತನೆಯ ತುಂಡು ಎಲ್ಲವನ್ನೂ ಸಮನಾಗಿ ಹಂಚಿ ಗುಡ್ಡೆ ಹಾಕುತ್ತಿದ್ದರು. ಒಬ್ಬ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಇನ್ನೊಬ್ಬ ಒಂದೊಂದೇ ಗುಡ್ಡೆ ಮುಟ್ಟಿ "ಇದು ಯಾರಿಗೆ?" ಎಂದರೆ, ಬೆನ್ನು ತಿರುಗಿಸಿದವನು ಹೆಸರು ಕೂಗುತ್ತಿದ್ದ. ನಂಜುಂಡಸ್ವಾಮಿಗೆ ತಾನು ಜೀವನದಲ್ಲಿ ಕಂಡ ಅತ್ಯಂತ ನ್ಯಾಯವಾದ ಅಳತೆ ಅದೇ ಎನ್ನಿಸಿತು.

"ಒಂದೇ ಕಂಡೀಷನ್ನು," ಎಂದು ಶರೀಫ್ ತಾನು ಉಣ್ಣುತ್ತಿದ್ದ ಪೇಪರ್ ತಟ್ಟೆಯನ್ನು ಎತ್ತಿ ತೋರಿಸಿದ. "ಗುಂಡು ಹೊಡಿಯೋನು ಮೊದ್ಲು ಇನ್ನೂರು ಗಜದಲ್ಲಿ ಐದಕ್ಕೆ ಐದು ಇಷ್ಟರೊಳಗೆ ಹಾಕಿ ತೋರಿಸ್ಬೇಕು. ಇಲ್ಲಾಂದ್ರೆ ಪ್ರಾಣಿ ಗಾಯ ಮಾಡ್ಕೊಂಡು ಎಲ್ಲೋ ಹೋಗಿ ನರಳುತ್ತೆ. ಬಿಸ್ಮಿಲ್ಲಾ ಅಂತ ಟ್ರಿಗರ್ ಒತ್ತೋರು ನಾವು. ದೇವರ ಹೆಸರು ಹೇಳಿ ಅಂಥಾ ಕೆಲಸ ಮಾಡ್ಬಾರ್ದು."

ನಿಜ ಹೇಳಬೇಕೆಂದರೆ ನಂಜುಂಡಸ್ವಾಮಿಗೆ ಜಿಂಕೆ ಬೇಕಿರಲಿಲ್ಲ. ಬೇಕಿದ್ದುದು ಆ ಮೂರು ದಿನ. ನಾಲ್ಕು ಜನರ ನಡುವೆ ಕೂತು, ಕಾರಣವಿಲ್ಲದೆ ಕನ್ನಡ ಮಾತಾಡುವ ಮೂರು ದಿನ. ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅವನಿಗಿರಲಿಲ್ಲ. ಅವನ ಕಣ್ಣು ಪೇಪರ್ ತಟ್ಟೆಯ ಮೇಲೆ ನಿಂತಿತು. ಸಂಜೆ ಮನೆಗೆ ಹೋಗಿ ಅಂಥದೇ ಒಂದು ತಟ್ಟೆಯ ವ್ಯಾಸ ಅಳೆದ.

ಆಮೇಲೆ ಶುರುವಾಯಿತು ರೈಫಲ್ ಹುಡುಕಾಟ. ಕಾರ್ಖಾನೆಯಿಂದ ಬಂದ ಹಾಗೇ, ಕೈಯಲ್ಲಿ ತಿದ್ದಿಸದೆ, ನೂರು ಗಜದಲ್ಲಿ ಒಂದಿಂಚಿನೊಳಗೆ ಗುಂಡುಗಳನ್ನು ಕೂರಿಸುವ ರೈಫಲ್ ಯಾವುದು? ಸಂಜೆಯೆಲ್ಲ ಕಿರುಗುಟ್ಟುವ ಮೋಡೆಮ್ಮಿನ ಮುಂದೆ ಕೂತು, ಎಲ್ಲೆಲ್ಲಿಯವರೋ ಬರೆದ ಜಗಳಗಳನ್ನು ಓದಿ, ಮೂವತ್ತೊಂದು ಕಾಲಮ್ಮುಗಳ ಪಟ್ಟಿ ಮಾಡಿದ. ಗುರಿಯ ಮೈದಾನದಲ್ಲಿ ಕಟ್ಟೆಗೆ ಊರಿ ಹೊಡೆಯಲು ದಪ್ಪ ನಳಿಗೆ ಒಳ್ಳೆಯದು, ಬಿಸಿಯಾದರೂ ಅಲುಗುವುದಿಲ್ಲ. ಆದರೆ ಅದನ್ನು ಹೊತ್ತು ಗುಡ್ಡ ಹತ್ತಿದರೆ ಹೆಗಲು ಬಿದ್ದುಹೋಗುತ್ತದೆ. ಮರದ ಹಿಡಿ ನೋಡಲು ಚೆಂದ, ಆದರೆ ತೇವಕ್ಕೆ ಊದಿ ನಳಿಗೆಯನ್ನು ಒತ್ತುತ್ತದೆ. ಪ್ಲಾಸ್ಟಿಕ್ಕಿನದು ಊದುವುದಿಲ್ಲ, ನೋಡಲು ಬಕೆಟ್ಟಿನ ಹಾಗಿರುತ್ತದೆ.

ಪ್ರತಿ ಶನಿವಾರ ಬಂದೂಕಿನ ಅಂಗಡಿಗೆ ಹೋಗಿ ಒಂದು ಡಾಲರ್ ನೋಟನ್ನು ನಳಿಗೆಗೂ ಹಿಡಿಗೂ ನಡುವೆ ತೂರಿಸಿ, ತಡೆಯಿಲ್ಲದೆ ಸರಿಯುತ್ತದೆಯೇ ಎಂದು ನೋಡುತ್ತಿದ್ದ. ಟ್ರಿಗರಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಎಷ್ಟು ಎಳೆದರೆ ಬೀಳುತ್ತದೆಂದು ಹತ್ತು ಸಲ ಎಳೆದು ಸರಾಸರಿ ತೆಗೆಯುತ್ತಿದ್ದ. ಅಂಗಡಿಯವನು ಮೊದಮೊದಲು ನಕ್ಕ. ಫೆಬ್ರವರಿಯ ಹೊತ್ತಿಗೆ ಅವನನ್ನು ಕಂಡ ಕೂಡಲೇ ಹಿಂದಿನ ಕೋಣೆಗೆ ಹೋಗತೊಡಗಿದ.

ಈ ನಡುವೆ ಶಿಕಾರಿಯ ತರಗತಿಗೆ ಕೂತು ಲೈಸೆನ್ಸು ತೆಗೆದುಕೊಂಡ. ಮೇ ತಿಂಗಳಲ್ಲಿ ಅಂತೂ ಒಂದು ರೈಫಲ್ ಆರಿಸಿದ. ಮಧ್ಯಮ ದಪ್ಪದ ನಳಿಗೆ, ಬಕೆಟ್ಟಿನ ಬಣ್ಣದ ಹಿಡಿ. ಸರ್ಕಾರದ ನಿಯಮದಂತೆ ಹತ್ತು ದಿನ ಕಾದು ಮನೆಗೆ ತಂದ. ಗುರಿಯ ಮೈದಾನಕ್ಕೆ ಹೋಗಿ ಹೊಡೆದರೆ, ಐದರಲ್ಲಿ ಎರಡು ತಟ್ಟೆಯೊಳಗೆ, ಮೂರು ಎಲ್ಲೋ. ಗುಂಡಿನ ಕಂಪನಿ ಬದಲಾಯಿಸಿದ. ರೈಫಲ್ಲಿನ ಮೇಲಿನ ದುರ್ಬೀನು ಬದಲಾಯಿಸಿದ. ಅದೇ ಎರಡು, ಅದೇ ಮೂರು.

"ತಪ್ಪು ರೈಫಲ್ ಆರಿಸ್ಬುಟ್ಟೆ ಭಾಯಿ," ಎಂದ ನಂಜುಂಡಸ್ವಾಮಿ, ಜುಲೈ ಮೊದಲ ವಾರ. ಹೆಣ್ಣು ಕೊಟ್ಟವರು ಮೋಸ ಮಾಡಿದರೇನೋ ಎಂಬಂಥ ಮುಖ.

ಆ ಭಾನುವಾರ ಶರೀಫ್ ಜೊತೆಗೆ ಬಂದ. ಅದೇ ರೈಫಲ್ ಹಿಡಿದು, ಅದೇ ಗುಂಡು ತುಂಬಿ, ಐದಕ್ಕೆ ಐದು ಹಾಕಿದ. ಎಲ್ಲವನ್ನೂ ಅಂಗೈಯಲ್ಲಿ ಮುಚ್ಚಬಹುದಿತ್ತು. ಆಮೇಲೆ ನಂಜುಂಡಸ್ವಾಮಿಯನ್ನು ಕೂರಿಸಿ ಪಕ್ಕದಿಂದ ಅವನ ಮುಖವನ್ನೇ ನೋಡಿದ. ಎಡಗಣ್ಣು ಮುಚ್ಚಲು ಹೋದರೆ ಬಲಗಣ್ಣೂ ಅರ್ಧ ಮುಚ್ಚಿಕೊಳ್ಳುತ್ತಿತ್ತು.

"ಎರಡೂ ಕೈ ಮುಂದಕ್ಕೆ ಚಾಚಿ. ಬೆರಳ ಮಧ್ಯೆ ಸಣ್ಣ ಕಿಂಡಿ ಮಾಡಿ. ಅದ್ರಿಂದ ನನ್ನ ಮೂಗು ನೋಡಿ."

ನಂಜುಂಡಸ್ವಾಮಿ ನೋಡಿದ. ಎದುರಿಗೆ ನಿಂತ ಶರೀಫನಿಗೆ ಕಿಂಡಿಯಲ್ಲಿ ಕಂಡದ್ದು ಎಡಗಣ್ಣು.

"ಗುರಿ ನೋಡೋದು ನಿಮ್ಮ ಎಡಗಣ್ಣು. ನೀವು ಎಡಚರು ಕಣಣ್ಣ. ರೈಫಲ್ಲಿಂದು ಏನೂ ತಪ್ಪಿಲ್ಲ. ಅದು ಬಲಗೈಯೋರದ್ದು."

"ನಾನಾ? ನಾನು ಬಲಗೈಲೇ ಉಣ್ಣೋದು, ಬಲಗೈಲೇ ಬರೆಯೋದು."

ಹಾಗೆನ್ನುವಾಗಲೇ ಅವನಿಗೆ ನೆನಪಾಯಿತು. ಮೂರೋ ನಾಲ್ಕೋ ವರ್ಷದ ಮಗುವಾಗಿದ್ದಾಗ, ಊಟಕ್ಕೆ ಕೂರಿಸುವ ಮುಂಚೆ ಅಜ್ಜಿ ಸಣ್ಣತಾಯಮ್ಮ ಹಳೇ ಸೀರೆಯ ಅಂಚಿನಿಂದ ಅವನ ಎಡಗೈಯನ್ನು ಸೊಂಟಕ್ಕೆ ಕಟ್ಟುತ್ತಿದ್ದಳು. ಎಡಗೈಯಲ್ಲಿ ಉಂಡರೆ ನಾಲ್ಕು ಜನ ನಗುತ್ತಾರೆ ಮಗ ಎನ್ನುತ್ತಾ, ಬಲಗೈಗೆ ತುತ್ತು ಇಡುತ್ತಿದ್ದಳು. ಸಿಟ್ಟಿನಿಂದ ಕಟ್ಟಿದ್ದಲ್ಲ, ಮುದ್ದಿನಿಂದಲೇ ಕಟ್ಟಿದ್ದು. ಒಂದು ವರ್ಷದಲ್ಲಿ ಕೈ ಪಾಠ ಕಲಿಯಿತು. ಕಣ್ಣನ್ನು ಕಟ್ಟುವುದು ಯಾರಿಗೂ ಹೊಳೆದಿರಲಿಲ್ಲ. ಅಜ್ಜಿಯ ಮೇಲೆ ಅವನಿಗೆ ಕೋಪ ಬರಲಿಲ್ಲ, ನಾಚಿಕೆಯಾಯಿತು. ಮೂವತ್ತೊಂದು ಕಾಲಮ್ಮಿನ ಪಟ್ಟಿಯಲ್ಲಿ ತನ್ನದೇ ಕೈಗೊಂದು ಕಾಲಮ್ಮು ಇರಲಿಲ್ಲ.

ಎಡಚರ ರೈಫಲ್ಲಿನಲ್ಲಿ ಗುಂಡನ್ನು ಒಳಗೆ ತಳ್ಳುವ, ಹೊರಗೆ ಎಳೆಯುವ ಬೋಲ್ಟು ಎಡಗಡೆಗಿರುತ್ತದೆ, ಅದನ್ನು ಮಾಡುವ ಕಾರ್ಖಾನೆಗಳು ಕಡಿಮೆ. ಆರ್ಡರ್ ಕೊಟ್ಟರೆ ಆರು ತಿಂಗಳು ಎಂದ ಅಂಗಡಿಯವನು. ಸೀಸನ್ನಿಗೆ ಉಳಿದದ್ದು ಐದು ವಾರ.

"ರೈಫಲ್ ಬಿಟ್ಟು ಬನ್ನಿ," ಎಂದ ಶರೀಫ್. "ಮುದ್ದೆ ತಿರುವೋರು ಬೇಕು ನಮಗೆ. ಅಫ್ರೋಜ್ ಮಾಡೋ ಅನ್ನ ಗೋಡೆಗೆ ಮೆತ್ಬೋದು, ಹಂಗಿರುತ್ತೆ."

"ಅಡುಗೆಯೋನಾಗಿ ಬರಲ್ಲ ಭಾಯಿ. ಬಂದ್ರೆ ಐದಕ್ಕೆ ಐದು ಹಾಕಿಯೇ ಬತ್ತೀನಿ."

ಶರೀಫ್ ಇನ್ನೆರಡು ಸಲ ಕರೆದ. ಆಮೇಲೆ ಸುಮ್ಮನಾದ. ಕರೆಯುವವನು ಎಷ್ಟೆಂದು ಕರೆಯಬೇಕು? ಈ ಮನುಷ್ಯನ ರೆಟ್ಟೆ ಹಿಡಿದು ಕಾರಿನೊಳಗೆ ತಳ್ಳುವವರು ಒಬ್ಬರಾದರೂ ಇರಬೇಕಿತ್ತು. ಇರಲಿಲ್ಲ. ಹಾಗೊಬ್ಬರಿದ್ದಿದ್ದರೆ ಅವನ ಕಥೆಯೇ ಬೇರೆಯಾಗುತ್ತಿತ್ತು.

ಅವರು ಮೂವರೂ ಶುಕ್ರವಾರವೇ ಹೋದರು. ಶನಿವಾರ ನಂಜುಂಡಸ್ವಾಮಿ ಬೆರ್ರಿಯೆಸಾ ರಸ್ತೆಯ ಸಂತೆಯಲ್ಲಿ ಸಂಜೆಯವರೆಗೆ ಅಲೆದು, ಬೇಡದ ಒಂದು ಸ್ಕ್ರೂಡ್ರೈವರ್ ಸೆಟ್ಟು ಕೊಂಡು ಬಂದ. ಭಾನುವಾರ ಅದರ ಮೂತಿಗಳನ್ನು ಅಳೆದ. ಸೋಮವಾರ ಊಟದ ಬೆಂಚಿನ ಮೇಲೆ ಶರೀಫ್ ಫಾಯಿಲ್ ಸುತ್ತಿದ ಒಂದು ಗಂಟು ಇಟ್ಟ. ಮಂಜುಗಟ್ಟಿ ಕಲ್ಲಾಗಿತ್ತು.

"ನಿಮ್ಮ ಗುಡ್ಡೆ."

"ನಾನು ಬಂದೇ ಇಲ್ವಲ್ಲ."

"ನಾಲ್ಕು ಹಾಕಿದ್ವಿ. ಮಧುಕರ್ ಬೆನ್ನು ತಿರುಗಿಸ್ಕೊಂಡು ನಿಮ್ಮ ಹೆಸರೂ ಕೂಗ್ದ್ರು."

ಮನೆಗೆ ಒಯ್ದು ಬಿಚ್ಚಿ ನೋಡಿದ. ಮೂಳೆ, ಮೆತ್ತನೆಯದು, ಒಂದು ತುಂಡು ಈಲಿ, ಎಲ್ಲ ಲೆಕ್ಕಕ್ಕೆ ಸರಿಯಾಗಿತ್ತು. ಸಾರು ಮಾಡಿ ಒಬ್ಬನೇ ಕೂತು ಉಂಡ. ಹೋಗಬೇಕಿತ್ತು ಎಂದು ಅವನಿಗೆ ಆಗ ಸ್ಪಷ್ಟವಾಗಿ ಗೊತ್ತಾಯಿತು. ಮರುದಿನ ಶರೀಫನಿಗೆ ಹೇಳಿದ್ದು ಮಾತ್ರ, ಉಪ್ಪು ಖಾರ ಚೆನ್ನಾಗಿ ಹಿಡಿದಿತ್ತು, ಮುಂದಿನ ವರ್ಷ ನೋಡೋಣ ಎಂದು.

ಮುಂದಿನ ವರ್ಷದ ಜನವರಿಯಲ್ಲಿ, ಆರ್ಡರ್ ಕೊಟ್ಟಿದ್ದ ಎಡಚರ ರೈಫಲ್ ಬಂತು, ಅದರ ಹಿಂದೆಯೇ ಕೆಟ್ಟ ಕಾಲವೂ ಬಂತು. ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಮಕಾಡೆ ಮಲಗಿದವು. ಚಿಪ್ಪು ಕೇಳುವವರಿಲ್ಲ, ಚಿಪ್ಪಿನ ಯಂತ್ರ ಕೇಳುವವರಿಲ್ಲ, ಹಾಗಾಗಿ ಉಂಗುರ ಕೇಳುವವರೂ ಇಲ್ಲ. ಮಾರ್ಚಿನಲ್ಲಿ ಶಾಪಿನವರು ಅರ್ಧ ಜನರನ್ನು ಮನೆಗೆ ಕಳಿಸಿದರು. ಅಳೆಯುವವನು ಉಳಿದ, ಮಾಡುವವನು ಹೋದ. ಶರೀಫನ ಹೆಂಡತಿ ನಸೀಮಾಳ ಅಣ್ಣನಿಗೆ ಹ್ಯೂಸ್ಟನ್ನಿನಲ್ಲಿ ಟೈರಿನ ಅಂಗಡಿಯಿತ್ತು. ಸಾಮಾನನ್ನೆಲ್ಲ ಬಾಡಿಗೆ ಟ್ರಕ್ಕಿಗೆ ತುಂಬಿ, ಅಣ್ಣತಮ್ಮಂದಿರ ಎರಡು ಸಂಸಾರಗಳೂ ಏಪ್ರಿಲ್‌ನಲ್ಲಿ ಅತ್ತ ಹೊರಟವು. ಮಧುಕರನಿಗೆ ಸಿಯಾಟಲ್‌ನಲ್ಲಿ ಕೆಲಸ ಸಿಕ್ಕಿತು.

"ಮುದುಕನಿಗೆ ನಿಮ್ಮ ಹೆಸರು ಹೇಳಿದೀನಿ, ಒಳಗೆ ಬಿಡ್ತಾನೆ," ಎಂದ ಶರೀಫ್ ಟ್ರಕ್ಕಿನ ಬಾಗಿಲು ಹಾಕುತ್ತಾ. "ಪಂಪು ಕೆಟ್ರೆ ನೋಡ್ಕೊಡಿ ಅಷ್ಟೇ."

"ಆಯ್ತು ಭಾಯಿ. ಐದಕ್ಕೆ ಐದು ಬಿದ್ದ ದಿನ ಫೋನ್ ಮಾಡ್ತೀನಿ."

ಎಡಗೈಗೆ ಬೋಲ್ಟು ಎಳೆಯಲು ಯಾರೂ ಕಲಿಸಬೇಕಾಗಲಿಲ್ಲ. ನಲವತ್ತೈದು ವರ್ಷ ಕಟ್ಟಿಸಿಕೊಂಡು ಕೂತಿದ್ದ ಕೈ ತಾನಾಗಿಯೇ ಎದ್ದು ಬಂದು ಕೆಲಸ ಹಿಡಿಯಿತು. ಜೂನ್ ಎರಡನೇ ಶನಿವಾರ, ಇನ್ನೂರು ಗಜದಲ್ಲಿ, ಐದಕ್ಕೆ ಐದು. ತಟ್ಟೆಯ ನಡುವೆ, ಒಂದರ ಪಕ್ಕ ಒಂದು. ನಂಜುಂಡಸ್ವಾಮಿ ತಟ್ಟೆಯನ್ನು ಬಿಡಿಸಿ ತಂದು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಪಕ್ಕದ ಕಟ್ಟೆಯಲ್ಲಿ ಕಿವಿ ಮುಚ್ಚಿಕೊಂಡಿದ್ದ ಒಬ್ಬ ಅಪರಿಚಿತನಿದ್ದ. ಅವನಿಗೆ ತೋರಿಸಿದ. "ನೈಸ್," ಎಂದ ಅವನು, ಮತ್ತೆ ತನ್ನ ಬಂದೂಕಿಗೆ ತಿರುಗಿಕೊಂಡ. ಎರಡು ವರ್ಷದ ಪಾಡಿಗೆ ಸಿಕ್ಕಿದ್ದು ಅಷ್ಟೇ. ಆ ದಿನ ಅವನು ಶರೀಫನಿಗೆ ಫೋನ್ ಮಾಡಲಿಲ್ಲ. ಮಾಡಿದರೆ ಏನನ್ನು ಹೇಳಿದ ಹಾಗಾಯಿತು ಎಂದು ಯೋಚಿಸುತ್ತಲೇ ಉಳಿದ.

ಆಗಸ್ಟಿನಲ್ಲಿ ಒಬ್ಬನೇ ಹೋದ. ಮುದುಕ ಗೇಟು ತೆಗೆದು, ಉಳಿದವರೆಲ್ಲಿ ಎಂದು ಕೇಳಿದ. ಬರಲಿಲ್ಲ ಎಂದ ನಂಜುಂಡಸ್ವಾಮಿ. ಬೇಸಿಗೆಯ ಒಣಹುಲ್ಲು, ಹಾಗಾಗಿ ಬೆಂಕಿ ಹಾಕುವಂತಿರಲಿಲ್ಲ. ಗ್ಯಾಸ್ ಒಲೆಯ ಮೇಲೆ ಮುದ್ದೆ ತಿರುವಿದ. ಹಿಟ್ಟಿನ ಅಂದಾಜು ತಪ್ಪಿ ನಾಲ್ಕು ಮುದ್ದೆಯಾಯಿತು. ಅಂದಾಜು ತಪ್ಪುವ ಮನುಷ್ಯನಲ್ಲ ಅವನು.

ಬೆಳಿಗ್ಗೆ ಬಿಸಿಲು ಏರುವ ಮುಂಚೆ ಎದುರಿನ ಇಳಿಜಾರಿನಲ್ಲಿ ಓಕ್ ಮರದ ಕೆಳಗೆ ಕವಲುಕೊಂಬಿನ ಗಂಡು ಜಿಂಕೆ ಬಂದು ನಿಂತಿತು. ಇನ್ನೂರು ಗಜ, ಇಲ್ಲವೇ ನೂರ ತೊಂಬತ್ತು. ಗಾಳಿಯಿರಲಿಲ್ಲ. ಎಡಗಣ್ಣಿನಲ್ಲಿ ಅದರ ಭುಜ ಸ್ಥಿರವಾಗಿ ನಿಂತಿತು. ಬೆರಳು ಟ್ರಿಗರಿನ ಮೇಲೆ ಬಂತು. ಗುಂಡು ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ ಅವನಿಗೆ ಕೂದಲಿನಷ್ಟೂ ಅನುಮಾನವಿರಲಿಲ್ಲ.

ಆಮೇಲೆ? ಸುಲಿಯಬೇಕು, ಕಡಿಯಬೇಕು, ಟಾರ್ಪಾಲು ಹಾಸಬೇಕು. ಗುಡ್ಡೆ ಹಾಕಬೇಕು. ಬೆನ್ನು ತಿರುಗಿಸಿ ನಿಲ್ಲುವವನೂ ಅವನೇ, "ಇದು ಯಾರಿಗೆ?" ಎಂದು ಕೇಳುವವನೂ ಅವನೇ, ಕೂಗುವ ಹೆಸರೂ ಅವನದೇ. ಒಂದೇ ಇದ್ದರೆ ಅದನ್ನು ಗುಡ್ಡೆ ಅನ್ನುವುದಿಲ್ಲ. ಬೆರಳು ತೆಗೆದು, ಎಡಗೈಯಿಂದ ಬೋಲ್ಟು ಎಳೆದ. ಗುಂಡು ಹುಲ್ಲಿನ ಮೇಲೆ ಬಿತ್ತು. ಆ ಸದ್ದಿಗೆ ಜಿಂಕೆ ತಲೆಯೆತ್ತಿ ನೋಡಿ, ಅವಸರವಿಲ್ಲದೆ ಮರಗಳ ಹಿಂದೆ ಹೋಯಿತು.

ಗುಡ್ಡ ಇಳಿದು ಬಂದಲ್ಲಿ, ಕಣಿವೆಯ ಕೂಡುರಸ್ತೆಯಲ್ಲಿ ಒಂದು ಅಂಗಡಿ, ಅದರ ಗೋಡೆಗೊಂದು ಪೇ ಫೋನು. ಜೇಬಿನಲ್ಲಿದ್ದ ಕಾಲಿಂಗ್ ಕಾರ್ಡಿನ ನಂಬರುಗಳನ್ನು ಒತ್ತಿ ಹ್ಯೂಸ್ಟನ್ನಿಗೆ ಮಾಡಿದ. ಐದು ಸಲ ರಿಂಗಾಗಿ, ಮೆಷಿನ್ನು ಎತ್ತಿಕೊಂಡಿತು. ಶರೀಫನ ಮಗಳು ರಮ್ಶಾಳ ದನಿ, ಯಾರೂ ಮನೆಯಲ್ಲಿಲ್ಲ, ಹೇಳುವುದನ್ನು ಹೇಳಿ ಎಂದು ಇಂಗ್ಲಿಷಿನಲ್ಲಿ ಹೇಳಿತು. ಆಮೇಲೆ ಬೀಪ್.

"ಭಾಯಿ, ನಾನು ನಂಜುಂಡಸ್ವಾಮಿ. ಐದಕ್ಕೆ ಐದು ಬಿತ್ತು. ಅದಕ್ಕಲ್ಲ ಮಾಡಿದ್ದು." ಒಂದು ಪಿಕಪ್ ಟ್ರಕ್ಕು ಧೂಳೆಬ್ಬಿಸಿಕೊಂಡು ಹಾದುಹೋಯಿತು. "ಟೆಕ್ಸಸ್ಸಲ್ಲೂ ಸೀಸನ್ ಇರುತ್ತಂತಲ್ಲ. ನೀವು ಹೋಗೋವಾಗ ಹೇಳಿ. ರೈಫಲ್ ತರಲ್ಲ. ಅಡುಗೆ ಮಾಡೋಕೆ ಬತ್ತೀನಿ."