ಕೆಮ್ಮದೆ ಒಳಗೆ ಹೋದದ್ದು

ಕೈ ಕಾಣದಿದ್ದರೆ ಬಾಯಿ ಮೊಸರು. ಗಾದೆ ಹೀಗಿಲ್ಲವೆಂದು ನನಗೂ ಗೊತ್ತು. ಆದರೆ ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆಯಲ್ಲಿ ನನ್ನ ಪಾಲಿಗೆ ಹೀಗೇ ಇತ್ತು. ಹೇಳುವುದೆಲ್ಲ ನಡೆದದ್ದೇ. ಕಟ್ಟಿ ಹೇಳುವುದಾಗಿದ್ದರೆ ನಾನು ಇದಕ್ಕಿಂತ ಒಳ್ಳೆಯವನಾಗಿ ಕಾಣುತ್ತಿದ್ದೆ.

ಮುಂಡಗೋಡದಲ್ಲಿ ಸೈಕಲ್ ಅಂಗಡಿಯೊಂದರ ಮಾಳಿಗೆಯ ಮೇಲೆ ಅಜೀಮ ಭಾಯಿಯ ಕಂಪ್ಯೂಟರ್ ಕ್ಲಾಸು. ನಾಲ್ಕು ಕಂಪ್ಯೂಟರ್, ನಡುವೆ ಕತ್ತು ಚಾಚಿದರೆ ಆಚೆ ಕಾಣುವಷ್ಟು ಗಿಡ್ಡ ಪ್ಲೈವುಡ್ಡಿನ ಅಡ್ಡಗೋಡೆ. ಬಿ.ಎ. ಮುಗಿಸಿ, ಊರವರ ದನಿಯನ್ನೆಲ್ಲ ಗಂಟಲಲ್ಲಿ ಇಟ್ಟುಕೊಂಡು ಅಣಕಿಸುತ್ತ ತಿರುಗುತ್ತಿದ್ದ ನಾನು ಅಲ್ಲಿ ಮಾಸ್ತರ. ಕೂತಲ್ಲಿಂದಲೇ ಉಳಿದ ಮೂರರ ಪರದೆ ನೋಡಿ, ಮೌಸಿನ ಬಾಣ ಆಡಿಸಿ, ಅಕ್ಷರ ಹೊಡೆಯಬಹುದಾದ ಒಂದು ಸಾಫ್ಟ್‌ವೇರನ್ನು ಭಾಯಿ ನನ್ನ ಕಂಪ್ಯೂಟರಿಗೆ ಹಾಕಿಸಿದ್ದ. ಕಲಿಯುವವರು ತಪ್ಪಿದರೆ ತಿದ್ದಲು.

“ಕೇಳಿ ಒಳಗ ಹೋದ್ರ ಪಾಠ, ಕೇಳದ ಹೋದ್ರ ಕಳವು. ನೆನಪಿರ್ಲಿ ಅಜಯಾ,” ಅಂದಿದ್ದ.

“ಕಳವು ಮಾಡಾಕ ಅದರಾಗ ಏನೈತಿ ಭಾಯಿ, ಬರೇ ಧೂಳ,” ಅಂದಿದ್ದೆ.

ಆಗ ಬಂದವನು ರೂಪ್ಲಪ್ಪ ಕಾಕಾ. ಇಲ್ಲೇ ಇಂದೂರ ಹಳ್ಳಿಯ ಹತ್ತಿರದ ಲಂಬಾಣಿ ತಾಂಡಾದವನು, ಅಣಶಿಯ ಅರಣ್ಯ ಗೇಟಿನಲ್ಲಿ ಮೂವತ್ತು ವರ್ಷ ಕಾವಲಿದ್ದು ನಿವೃತ್ತನಾದವನು. ಅವನಿಗೆ ಹೊಡೆಯಬೇಕಾಗಿದ್ದದ್ದು ಒಂದೇ ಕಾಗದ, ಹಳಿಯಾಳದ ಕಡೆ ಅಂಗನವಾಡಿ ಟೀಚರಾಗಿ ನಿವೃತ್ತಳಾಗಿದ್ದ ಅಕ್ಕ ಗೋದುಬಾಯಿಗೆ. ಹನ್ನೆರಡು ವರ್ಷದ ಹಿಂದೆ ತಾಯಿ ತೀರಿದಾಗ ಅಕ್ಕ ಬಂದು ಮುಟ್ಟುವ ಮೊದಲೇ ಮಣ್ಣು ಮುಗಿದಿತ್ತು. ಅಂದಿನಿಂದ ಮಾತಿಲ್ಲ.

“ನನ್ನ ಕೈಬರಹ ಕಂಡ್ರ ಒಡದೂ ನೋಡೂದಿಲ್ಲ, ಒಲಿಗೆ ಹಾಕ್ತಾಳ. ಮಿಷನ್ ಅಕ್ಷರಕ್ಕ ಗುರ್ತು ಇರೂದಿಲ್ಲಲ್ಲ?” ಅಂದ.

ದಿನವೂ ಮಧ್ಯಾಹ್ನ ಬರುತ್ತಿದ್ದ. ಒಂದು ಬೆರಳು, ಮೂರು ಸಾಲು, ಆಮೇಲೆ ತೂಕಡಿಕೆ. ಫ್ಯಾನು ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿತ್ತು. ಕಿಟಕಿಯ ಬಿಸಿಲಲ್ಲಿ ಧೂಳು ಮೀನಿನಂತೆ ತೇಲುತ್ತಿತ್ತು. ಕೆಳಗೆ ಯಾರೋ ತಿರುಗಿಸಿ ಬಿಟ್ಟ ಗಾಲಿ ಟಿಕ್ ಟಿಕ್ ಎನ್ನುತ್ತ ನಿಲ್ಲುವುದನ್ನೇ ಮರೆಯುತ್ತಿತ್ತು. ಇಡೀ ಕೋಣೆ ಕೆರೆಯ ತಳದಲ್ಲಿ ಕೂತಂತೆ.

ಅಂಥದ್ದೊಂದು ಮಧ್ಯಾಹ್ನ ನನ್ನ ಪರದೆಯಲ್ಲಿ ಅವನ ಸಾಲು ಕಂಡಿತು: “ಅಕ್ಕಾ, ಹೆಂಗದಿ?” ಕಾಕಾನ ಗದ್ದ ಎದೆಗೆ ಬಿದ್ದಿತ್ತು. ನನ್ನ ಬೆರಳು ಸುಮ್ಮನಿರಲಿಲ್ಲ. ಕೆಳಗೆ ಹೊಡೆದೆ: “ಚಲೋ ಅದೀನಿ ತಮ್ಮಾ. ನಿದ್ದಿ ಬಿಟ್ಟು ಬರಿ.”

ಕಾಕಾ ಎಚ್ಚರಾದ, ಓದಿದ. ಕಿಟಕಿಯ ಆಚೆ ಬಹಳ ಹೊತ್ತು ನೋಡಿದ. ಕೂಗಾಡುತ್ತಾನೆಂದು ಕಾದೆ. ಅವನು ಮೆಲ್ಲಗೆ ಹೊಡೆದ: “ಸಿಟ್ಟು ಹೋತೇನ ಅಕ್ಕಾ?”

ಹೀಗೆ ಹನ್ನೊಂದು ದಿನ. ಕಾಣದ ಗೋದುಬಾಯಿಯ ದನಿಯನ್ನು ಅವನ ಮಾತಿನಿಂದಲೇ ಹೆಣೆದುಕೊಂಡು ಉತ್ತರಿಸಿದೆ. ಇಬ್ಬರೂ ಒಂದೇ ಕನಸಿನೊಳಗೆ ಕೂತಿದ್ದೆವು. ಅವನು ಬಾಗಿಲಿನಿಂದ ಬಂದಿದ್ದ, ನಾನು ಹಂಚು ತೆಗೆದು ಇಳಿದಿದ್ದೆ. ಹನ್ನೊಂದನೇ ದಿನ ಅವನು ಬರೆದ: “ಮೂವತ್ತು ವರ್ಷ ಲಾರಿ ನಿಲ್ಲಿಸಿದೆ. ಅವತ್ತು ಅವ್ವನ್ನ ಎತ್ತಿದ ನಾಕು ಹೆಗಲು ನಿಲ್ಲಸಾಕ ನನಗ ಬಾಯಿ ಬರಲಿಲ್ಲ.”

ಆಗಲೇ ಎದ್ದು ಹೋಗಿ ತಪ್ಪೊಪ್ಪಿಕೊಳ್ಳಬೇಕಿತ್ತು. “ಹೋಗ್ಲಿ ಬಿಡೋ, ಮರತೇನಿ” ಎಂದು ಹೊಡೆದೆ. ನನ್ನದಲ್ಲದ ಕ್ಷಮೆಯನ್ನು ಕೊಟ್ಟುಬಿಟ್ಟೆ. ಪ್ಲೈವುಡ್ಡಿನ ಆಚೆ ಮೂಗೊರೆಸಿದ ಸದ್ದು ಕೇಳಿತು.

ಮರುದಿನ ನಾನು ಚಹಾ ಕುಡಿದು ಬರುವಷ್ಟರಲ್ಲಿ ಕಾಕಾ ಇರಲಿಲ್ಲ. ಭಾಯಿ ಹೇಳಿದ: “ಎಲ್ಲಾ ಪ್ರಿಂಟ್ ತಗೊಂಡ್ರು. ಲಕೋಟಿ ಮ್ಯಾಲಿನ ವಿಳಾಸಾನೂ. ಪೋಸ್ಟಿಗೆ ಹೋದ್ರು.”

ಎಲ್ಲ ಎಂದರೆ ನನ್ನ ಉತ್ತರಗಳೂ. ಐದು ದಿನ ಕಾಕಾ ಬರಲಿಲ್ಲ. ಹನ್ನೆರಡು ವರ್ಷದ ಮೌನವನ್ನು ಒಂದು ಆಟದಿಂದ ನಾನು ಜೀವಮಾನದ್ದು ಮಾಡಿಬಿಟ್ಟಿದ್ದೆ.

ಆರನೇ ದಿನ ಕಾಕಾ ತನ್ನ ಜಾಗದಲ್ಲಿ ಕೂತಿದ್ದ. ಮೆಟ್ಟಿಲು ಕಿರುಗುಟ್ಟಿತು. ಹೊಸ್ತಿಲಲ್ಲಿ ಯಾರೋ ಕೆಮ್ಮಿದರು. ಎತ್ತರದ ಹೆಂಗಸು, ಕೈಯಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿದ ಆ ಕಾಗದ.

“ಇದರಾಗ ನನ್ನ ಬಾಯಿಲೆ ಮಾತಾಡಿದಾವ ಯಾರು? ನಾ ಯಾವಾಗ ಮರತೇನಿ?”

ಎದ್ದು ನಿಂತು ಎಲ್ಲ ಹೇಳಿದೆ. “ಕಾಕಾ, ನಿಮಗೂ ಮೋಸ ಮಾಡೇನ್ರಿ.”

“ಮಂದಿ ಮನಿ ಹೊಸ್ತಿಲಕ್ಕ ಬಂದ್ರ ಕೆಮ್ಮಬೇಕು,” ಅಂದಳು ಗೋದುಬಾಯಿ. “ನಿಮ್ಮವ್ವ ಅಷ್ಟರ ಕಲಿಸಿಲ್ಲೇನ?”

“ಗೇಟ್ ಕಾದಾವ ನಾ,” ಕಾಕಾ ನಡುವೆ ಬಂದ. “ಅವ ಆಕಡೆ ಟಕಟಕ ಅಂದ್ರ ಈಕಡೆ ಅಕ್ಷರ ಬೀಳತಿದ್ವು. ಮೊದಲ್ನೇ ದಿನಾನ ಗೊತ್ತಾತು.”

“ಮತ್ತ ಯಾಕ ಕಳಿಸಿದ್ರಿ?” ಅಂದೆ.

“ಬಾ ಅಂದ್ರ ಬರಾಕಿ ಅಲ್ಲ ಈಕಿ. ಜಗಳಕ್ಕರ ಬರ್ತಾಳಂತ ಕಳಿಸಿದೆ.”

ಗೋದುಬಾಯಿ ಕುರ್ಚಿಯಲ್ಲಿ ಕೂತಳು. ಕಾಗದ ತಿರುವಿ ಒಂದು ಹಾಳೆಯ ಮೇಲೆ ಬೆರಳಿಟ್ಟಳು.

“ಆ ನಾಕು ಹೆಗಲಿನ ಮಾತು ಯಾರ್ದು?”

“ನಂದ, ಅಕ್ಕಾ.”

ಆ ಹಾಳೆಯೊಂದನ್ನೇ ಮಡಚಿ ಸೊಂಟದ ಚೀಲಕ್ಕೆ ಸೇರಿಸಿದಳು. ಉಳಿದದ್ದನ್ನು ನನ್ನ ಕೈಗಿಟ್ಟಳು. “ಇವು ನಿನ್ನವು. ಒಂಬತ್ತು ತಪ್ಪದಾವ, ತಿದ್ದಿ ಬರಿ.”

ಅವರು ನೋಡುತ್ತಿದ್ದಂತೆಯೇ ಸಾಫ್ಟ್‌ವೇರಿನ ಸೆಟ್ಟಿಂಗ್ ಬದಲಿಸಿದೆ: ಇನ್ನು ಮೇಲೆ ಅದು ಒಪ್ಪಿಗೆ ಕೇಳದೆ ಯಾರ ಪರದೆಗೂ ಹೋಗುವುದಿಲ್ಲ. ಪರೀಕ್ಷೆಗೆಂದು ನನ್ನ ಜಾಗದಲ್ಲಿ ಕೂತು ಗುಂಡಿ ಒತ್ತಿದೆ. ಕಾಕಾನ ಮುಂದೆ ‘ಒಳಗೆ ಬಿಡಬೇಕೇ, ಬೇಡವೇ’ ಎಂಬ ಪ್ರಶ್ನೆ ಮೂಡಿತು. ಅಡ್ಡಗೋಡೆಯ ಹಿಂದಿನಿಂದ ನಾನು ಥೇಟ್ ಗೋದುಬಾಯಿಯಂತೆ ಕೆಮ್ಮಿದೆ.

ಗೋದುಬಾಯಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ಕಾಕಾ ಒಂದು ಬೆರಳೆತ್ತಿ, ಗುರಿ ನೋಡಿ, ‘ಬೇಡ’ ಒತ್ತಿದ. ಆಮೇಲೆ ಕೆಳಗಿನ ಸೈಕಲ್ ಅಂಗಡಿಯವರು ಹೊರಬಂದು ತಲೆಯೆತ್ತಿ ನೋಡುವಷ್ಟು ಜೋರಾಗಿ ನಕ್ಕ.