ಪುಕ್ಕಟ ಖೇಪು

ಮಗಳಿಗೆ ಪೈಲಟ್ ನೌಕರಿ ಸಿಕ್ಕಿತೆಂದು ಗುರುಸಿದ್ದಯ್ಯ ವಿದ್ಯಾನಗರದ ಓಣಿಗೆಲ್ಲ ಫೇಡೆ ಹಂಚಿ ಮುಗಿಸಿದ ಮೇಲೆಯೇ ರಾಜೇಶ್ವರಿ ಕಂಪನಿಯ ಪತ್ರದ ಎರಡನೇ ಪುಟ ಓದಿದ್ದು. ಅದು 2007, ದಿನಕ್ಕೊಂದು ವಿಮಾನ ಕಂಪನಿ ಹುಟ್ಟುತ್ತಿದ್ದ ಕಾಲ. ಲೈಸೆನ್ಸು ಅವಳಲ್ಲಿತ್ತು, ನಿಜ. ಆದರೆ ಕಂಪನಿಯ ದೊಡ್ಡ ವಿಮಾನಕ್ಕೆ ಬೇರೆ ತರಬೇತಿ ಆಗಬೇಕು, ಕೊನೆಗೆ ಪರೀಕ್ಷಕನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹಾರಿಸಿ ತೋರಿಸಬೇಕು. ಎರಡರ ಖರ್ಚೂ ಅವಳದೇ, ಇಪ್ಪತ್ತು ಲಕ್ಷ. ಸೋಮವಾರದೊಳಗೆ ಒಪ್ಪದಿದ್ದರೆ ಸೀಟು ಬೇರೆಯವರಿಗೆ.

“ಅಲ್ಲವಾ ರಾಜಿ, ಪಗಾರ ಅವರು ನಿನಗ ಕೊಡತಾರೋ, ನೀನ ಅವರಿಗೆ ಕೊಡಬೇಕೋ?”

“ಎಲ್ಲಾ ಕಂಪನ್ಯಾಗೂ ಹಿಂಗ ಐತಿ ಅಪ್ಪಾ. ಬ್ಯಾಡ ಅಂದ್ರ ನಾ ನೆಲದ ಮ್ಯಾಲೇ ಉಳಿಯಾಕಿ,” ಎಂದಳು ಮಗಳು. ಅವಳ ಕಣ್ಣು ತುಂಬಿದ್ದವು.

ಗುರುಸಿದ್ದಯ್ಯನವು ಐದು ಲಾರಿ. ಲಕಮನಹಳ್ಳಿಯ ತನ್ನ ಆಫೀಸಿಗೆ ಹೋಗಿ, ಮುಂಬಯಿಯ ಕಂಪನಿ ಆಫೀಸಿಗೆ ಫೋನು ಹಚ್ಚಿ, ತನಗೆ ಬಂದಷ್ಟು ಹಿಂದಿಯಲ್ಲಿ ಚೀರಾಡಿದ. ಅತ್ತ ಕಡೆಯ ಹೆಣ್ಣುಮಗಳು ಬಲು ಸೌಜನ್ಯದಿಂದ ನಿಯಮ ಹೇಳಿ ಫೋನಿಟ್ಟಳು. ಉಳಿದ ಸಿಟ್ಟನ್ನೆಲ್ಲ ಅವನು ಹಳೆಯ ಡ್ರೈವರ್ ದಸ್ತಗೀರಸಾಬನ ಮುಂದೆ ಸುರಿದ.

“ವಿಮಾನ ಅವರ್ದು, ತಿಕೀಟಿನ ರೊಕ್ಕಾ ಅವರ್ದು! ಕೆಲಸಕ್ಕ ಇಟ್ಕೊಳ್ಳಾವ್ರು ಕಲಿಸಬೇಕೋ, ಕೆಲಸಕ್ಕ ಬಂದಾವ್ರು ಅವರನ್ನ ಸಾಕಬೇಕೋ? ಮಾನಾ ಮರ್ಯಾದಿ ಏನರ ಐತಿ ಇವರಿಗೆ?”

“ಖರೇ ಮಾತ್ರಿ ಸಾವಕಾರ್ರ,” ಎಂದ ಬಾಗಿಲಲ್ಲಿ ನಿಂತಿದ್ದ ಮೈಲಾರಿ, ಮನಸಾರೆ. “ಭಾಳ ಅನ್ಯಾಯ.”

ದಸ್ತಗೀರಸಾಬ ಕೆಮ್ಮಿದ.

ಉಣಕಲ್ಲಿನ ಈ ಮೈಲಾರಿ ಅದೇ ಆಗ ಲಾರಿಯ ಮೇಲೆ ತನ್ನ ಮೂರನೇ ಖೇಪು, ಎಂದರೆ ಮೂರನೇ ಟ್ರಿಪ್ಪು, ಮುಗಿಸಿ ಬಂದಿದ್ದ. ಹೊಸ ಡ್ರೈವರ್ ಯಾರೇ ಇರಲಿ, ಪಗಾರವಿಲ್ಲದೆ ಮೂರು ಖೇಪು ಹೊಡೆಯಬೇಕು, ಡೀಸಲ್ಲೂ ಅವನದೇ, ಪಕ್ಕದಲ್ಲಿ ದಸ್ತಗೀರಸಾಬ ಕೂತು ಪರೀಕ್ಷೆ ಮಾಡಬೇಕು. ಬಾಡಿಗೆಯ ರೊಕ್ಕ ಮಾತ್ರ ಗುರುಸಿದ್ದಯ್ಯನ ಕಿಸೆಗೆ. ಇದಕ್ಕೆ ಅವನೇ ಇಟ್ಟ ಹೆಸರು ಪುಕ್ಕಟ ಖೇಪು. ಯಾರಿಗೆ ಪುಕ್ಕಟ ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಮೈಲಾರಿ ಹೆಂಡತಿಯ ಆಡುಗಳನ್ನು ಮಾರಿ ಡೀಸಲ್ ಹಾಕಿಸಿದ್ದ. ಅದನ್ನು ಹೆಮ್ಮೆಯಿಂದ ಸಾವಕಾರನಿಗೆ ಹೇಳಿಯೂ ಇದ್ದ.

ಗುರುಸಿದ್ದಯ್ಯ ಕಂಪನಿಯನ್ನು ಬೈದದ್ದು ಶನಿವಾರ, ರವಿವಾರ ಎರಡು ಲಾರಿ ಮಾರಿದ. ಮಗಳ ಕಣ್ಣೀರಿನ ಮುಂದೆ ಅಪ್ಪನ ಸಿಟ್ಟು ಎಷ್ಟು ಹೊತ್ತು ನಿಂತೀತು? ಮಾರಿದ್ದರಲ್ಲಿ ಒಂದು, ಮೈಲಾರಿಗೆ ಕೊಡುವುದೆಂದು ಮಾತಾಗಿದ್ದ ಲಾರಿ.

“ನೀ ಪಾಸಾದಿ ಬಿಡಪಾ,” ಎಂದ ಅವನಿಗೆ. “ಗಾಡಿ ಬಂದ ಕೂಡ್ಲೆ ಕರೀತೇನಿ.”

ರಾಜೇಶ್ವರಿ ತರಬೇತಿ ಮುಗಿಸಿದಳು, ಪರೀಕ್ಷಕನೂ ಮೆಚ್ಚಿದ. ಅಷ್ಟರಲ್ಲಿ ಎಣ್ಣೆಯ ದರ ಏರಿ ಕಂಪನಿಗಳ ಉಬ್ಬಸ ಸುರುವಾಗಿತ್ತು. ಪತ್ರ ಬಂತು: ತಾವು ಉತ್ತೀರ್ಣರಾಗಿದ್ದೀರಿ, ಅಭಿನಂದನೆ, ಹೊಸ ವಿಮಾನ ಬಂದ ಕೂಡಲೇ ಕರೆಯುತ್ತೇವೆ. ಒಂದು ವರ್ಷವಾದರೂ ಕರೆ ಇಲ್ಲ. ಮನೆಯಲ್ಲಿ ಬೇಸರವೆಂದು ಅವಳು ಅಪ್ಪನ ಆಫೀಸಿಗೆ ಬಂದು ಫೋನು ಎತ್ತತೊಡಗಿದಳು.

ಹಮಾಲಿ ಮಾಡಿಕೊಂಡಿದ್ದ ಮೈಲಾರಿ ಪ್ರತಿ ಮಂಗಳವಾರದಂತೆ ಅಂದೂ ಬಂದ. “ಗಾಡಿ ಬಂತೇನ್ರಿ ಸಾವಕಾರ್ರ?”

ಗುರುಸಿದ್ದಯ್ಯ ಎಂದಿನ ಮಾತು ಹೇಳಲು ಬಾಯಿ ತೆರೆದ. ಮಗಳು ಮೊದಲೇ ಅಂದಳು, “ಕೂಡ್ರಿ ಮೈಲಾರಣ್ಣ. ನಂದೂ ಇನ್ನೂ ಬಂದಿಲ್ಲ.”

“ಅಯ್ಯ ಶಿವನ! ನಿಮ್ಮ ಕಡಿಂದನೂ ಪುಕ್ಕಟ ಖೇಪು ಹೊಡಿಸ್ಯಾರೇನ್ರಿ ಅಕ್ಕಾರ? ಡೀಸಲ್ ಯಾರ್ದು?”

“ನಮ್ದ.”

“ಎಂಥಾ ಹಲ್ಕಟ್ ಮಂದಿ ಅದಾರ್ರಿ!” ಎಂದುಬಿಟ್ಟ ಮೈಲಾರಿ. ಅಂದ ಮೇಲೆ ಸಾವಕಾರನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

ದಸ್ತಗೀರಸಾಬ ಈ ಸಲ ಕೆಮ್ಮಲಿಲ್ಲ. ಗುರುಸಿದ್ದಯ್ಯ ಮೇಜಿನ ಖಾನೆ ಎಳೆದು ರೊಕ್ಕದ ಚೀಲ ತೆಗೆದ.

“ಮೈಲಾರಿ,” ಎಂದ, ಮಗಳತ್ತ ತಿರುಗದೆ. “ಆಡು ಎರಡಿದ್ವೋ, ಮೂರೋ?”